ಇನ್ನೊಬ್ಬರ ಕೆಲಸ

ಜನವರಿ ೯, ಸೋಮವಾರ

ಭಾಷೆ ಕಲಿಸುವ ಟೀಚರ್ ದಿನಾ ನಾಲ್ಕು ಸಾಲು ಬರೆಯಿರಿ ಎಂದಿದ್ದಾರೆ, ಇಲ್ಲಿನ ಭಾಷೆಯಲ್ಲಿ. ನಾನು ನಮ್ಮ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಯಾರು ಬಂದು ನೋಡುತ್ತಾರೆ? ಇಲ್ಲಿನ ಭಾಷೆಯಲ್ಲಿ ನನಗೆ ಬರುವುದು ‘ಇದು ಮೇಜು, ಅದು ಕುರ್ಚಿ’ ಅಷ್ಟೇ. ಇವತ್ತು ಆದದ್ದನ್ನು ಮೇಜು ಕುರ್ಚಿ ಇಟ್ಟುಕೊಂಡು ಬರೆಯಲಾಗುವುದಿಲ್ಲ.

ಮಕ್ಕಳ ಕಚೇರಿಯ ಮೇಡಂ ಮನೆಗೆ ಬಂದಿದ್ದರು. ತಂಗಿ ತೀರಿಕೊಂಡ ಮೇಲೆ ಅವಳ ಮಗಳು ಗಿಣಿಯನ್ನು ನೋಡಿಕೊಳ್ಳಲು ನಾನು ಈ ಊರಿಗೆ ಬಂದೆನಲ್ಲ, ಮಗು ಹೇಗಿದೆ ಎಂದು ವಿಚಾರಿಸುವುದು ಅವರ ಕೆಲಸವಂತೆ. ಗಿಣಿಯ ಅಪ್ಪ ಅವಳು ಹೊಟ್ಟೆಯಲ್ಲಿದ್ದಾಗಲೇ ಎದ್ದು ಹೋದ ಮಹಾನುಭಾವ. ನನ್ನನ್ನು ಬಿಟ್ಟರೆ ಅವಳಿಗೆ ಯಾರೂ ಇಲ್ಲ. ಅವಳನ್ನು ಬಿಟ್ಟರೆ ನನಗೂ ಯಾರೂ ಇಲ್ಲ.

ಮೇಡಂ ಕೇಳಿದ್ದನ್ನು ಗಿಣಿ ನನಗೆ ಹೇಳಿದಳು, ನಾನು ಹೇಳಿದ್ದನ್ನು ಗಿಣಿ ಮೇಡಂಗೆ ಹೇಳಿದಳು. ಎಂಟು ವರ್ಷದ ಹುಡುಗಿ, ಎರಡು ಭಾಷೆಯನ್ನೂ ಅರಳು ಹುರಿದ ಹಾಗೆ ಆಡುತ್ತಾಳೆ. ನನಗೋ ಹೆಮ್ಮೆ. ಸುಮ್ಮನಿರಲಾರದೆ, ‘ಮನೆ ಓನರ್ ಬಂದ್ರೂ ಇವಳೇ ಮಾತಾಡೋದು, ಬ್ಯಾಂಕಲ್ಲೂ ಇವಳೇ, ಆಸ್ಪತ್ರೇಲೂ ಇವಳೇ’ ಎಂದು ಹೊಗಳಿಕೊಂಡೆ. ಅದನ್ನೂ ಗಿಣಿ ಒಂದಕ್ಷರ ಬಿಡದೆ ಹೇಳಿದಳು. ಮೇಡಂ ಮುಖ ಸಪ್ಪಗಾಯಿತು.

ಆಮೇಲೆ ಗಿಣಿಯನ್ನು ಒಳಗೆ ಕಳಿಸಿ, ನಮ್ಮ ಭಾಷೆ ಬಲ್ಲವರೊಬ್ಬರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಯಾವುದೋ ಗಂಡಸಿನ ದನಿ, ತುಂಬಾ ಮೆತ್ತಗೆ.

‘ನಿಮ್ಮ ಪ್ರೀತಿ ಬಗ್ಗೆ ಮೇಡಂಗೆ ಅನುಮಾನ ಇಲ್ಲಮ್ಮ. ಆದರೆ ಮಗು ಸ್ಕೂಲ್ ತಪ್ಪಿಸಿ ನಿಮ್ಮ ಹಿಂದೆ ಓಡಾಡ್ತಾ ಇದೆ. ನಿಮ್ಮ ರಕ್ತ ಪರೀಕ್ಷೆ ವಿಷಯಾನೂ ಡಾಕ್ಟರು ಮಗೂಗೇ ಹೇಳಿದಾರಂತೆ. ದೊಡ್ಡವರ ಭಾರ ಅದು. ಇವರು ಮಾರ್ಚ್ ಕೊನೆಗೆ ಮತ್ತೆ ಬರ್ತಾರೆ. ಅವತ್ತು ಮಗು ಮಧ್ಯ ಇರಬಾರದು, ನಾನೂ ಇರಲ್ಲ. ಸ್ಕೂಲಿಂದ ಫೋನ್ ಬಂದ್ರೆ, ಮಗೂಗೆ ಜ್ವರ ಬಂದ್ರೆ, ನೀವೇ ಮಾತಾಡ್ತೀರಿ ಅಂತ ಇವರಿಗೆ ಕಾಣಬೇಕು.’

‘ಕಾಣದೆ ಹೋದ್ರೆ?’

‘ಬೇರೆ ಮನೆ ನೋಡ್ತಾರೆ. ಸ್ವಲ್ಪ ದಿನಕ್ಕೆ ಅಂತ.’

ಸ್ವಲ್ಪ ದಿನಕ್ಕೆ. ತಂಗಿಯನ್ನು ಆಸ್ಪತ್ರೆಗೆ ಸೇರಿಸಿದಾಗಲೂ ಹಾಗೇ ಅಂದಿದ್ದರು. ಗಿಣಿ ಒಳಗಿನಿಂದ ಬಂದು ‘ದೊಡ್ಡಮ್ಮಾ, ಏನಂದ್ರು?’ ಎಂದಳು. ಏನಿಲ್ಲ ಅಂದೆ.

ಜನವರಿ ೧೩, ಶುಕ್ರವಾರ

ಅಂಚೆ ಕಚೇರಿಯ ಮಹಡಿಯ ಮೇಲೆ ನಮ್ಮ ಕ್ಲಾಸು. ಮಂಗಳವಾರ, ಶುಕ್ರವಾರ ಸಂಜೆ. ಎಲ್ಲಾ ಕತ್ತೆ ವಯಸ್ಸಿನವರೇ: ಅಡುಗೆಯವರು, ಕಾವಲುಗಾರರು, ಆಸ್ಪತ್ರೆ ನೆಲ ಒರೆಸುವವರು, ಬಟ್ಟೆ ರಿಪೇರಿ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಿಚುವ ನಾನು. ಇಷ್ಟು ದಿನ ಮನೆಪಾಠ ಎಂದರೆ ‘ಬಿಟ್ಟ ಸ್ಥಳ ತುಂಬಿರಿ’. ತುಂಬಿ ತಂದವರನ್ನು ನಾನು ನೋಡಿಲ್ಲ. ಒಬ್ಬನಿಗೆ ರಾತ್ರಿ ಪಾಳಿ, ಒಬ್ಬಳಿಗೆ ತಲೆನೋವು, ನನ್ನದನ್ನು ಗಿಣಿ ತುಂಬುತ್ತಿದ್ದಳು.

ಇವತ್ತು ಟೀಚರ್ ಖಾಲಿ ಹಾಳೆಗಳನ್ನೆಲ್ಲ ನೋಡಿ, ನಮ್ಮ ಮುಂದೆಯೇ ಮುದುರಿ ಕಸದ ಬುಟ್ಟಿಗೆ ಹಾಕಿದರು. ನನಗೊಬ್ಬ ಮಗಳಿದ್ದಿದ್ದರೆ ಅವಳ ವಯಸ್ಸಿರಬಹುದು, ಮೂಗಿನ ತುದಿಯಲ್ಲೇ ಕೋಪ. ‘ಯಾರೂ ಮಾಡಿಲ್ಲ. ನಾನಾಗಿದ್ರೂ ಮಾಡ್ತಿರಲಿಲ್ಲ. ಬೇಜಾರಿನ ಕೆಲಸ’ ಎಂದರು. ಪಕ್ಕದಲ್ಲಿದ್ದ ನಮ್ಮ ಭಾಷೆಯವರು ನನ್ನ ಕಿವಿಯಲ್ಲಿ ಹೇಳಿದ್ದರಿಂದ ಅರ್ಥವಾಯಿತು. ಅವರು ಲಿಫ್ಟ್ ರಿಪೇರಿಯವರು, ನಾನು ಲಿಫ್ಟಣ್ಣ ಎನ್ನುತ್ತೇನೆ.

ಇನ್ನು ಮೇಲೆ ಹೊಸ ಪದ್ಧತಿ. ಇಬ್ಬಿಬ್ಬರದು ಒಂದು ಜೋಡಿ. ನನಗೆ ಹೊರಗೆ ಮಾತಾಡಿ ಮಾಡಿಸಬೇಕಾದ ಒಂದು ಕೆಲಸ ಇರುತ್ತದಲ್ಲ, ಅದನ್ನು ನನ್ನ ಜೋಡಿ ಹೋಗಿ ಮಾಡಿಕೊಂಡು ಬರಬೇಕು. ಅವರದನ್ನು ನಾನು ಮಾಡಬೇಕು. ಆಮೇಲೆ ಕ್ಲಾಸಿನಲ್ಲಿ ನಿಂತು ಏನಾಯಿತೆಂದು ಕಥೆ ಹೇಳಬೇಕು. ಸ್ವಂತ ಕೆಲಸಕ್ಕೆ ಹೋಗುವಂತಿಲ್ಲ.

‘ಯಾಕೆ ಅಂದ್ರೆ, ಸ್ವಂತ ಕೆಲಸ ಅಂದ್ರೆ ನಿಮಗೆ ಭಯ. ಕೆಟ್ಟು ಹೋದ್ರೆ ಅಂತ ನಾಲಿಗೆ ಒಣಗುತ್ತೆ. ಬೇರೆಯವರ ಕೆಲಸ ಕೆಟ್ಟರೆ ನಿಮ್ಮ ಗಂಟೇನು ಹೋಗುತ್ತೆ? ಧೈರ್ಯವಾಗಿ ಕೆಡಿಸಿ ಬನ್ನಿ!’

ಎಲ್ಲರೂ ನಕ್ಕರು. ಈ ಕ್ಲಾಸಿನಲ್ಲಿ ನಗು ಕೇಳಿದ್ದು ಇದೇ ಮೊದಲು. ನನಗೆ ಮಾತ್ರ ನಗು ಬರಲಿಲ್ಲ. ಲಿಫ್ಟಣ್ಣ ನನ್ನ ಜೋಡಿ. ಅವರ ಹೊಸ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಒತ್ತಿ ಗಾಯವಾಗಿದೆ, ಅಂಗಡಿಗೆ ಹೋಗಿ ಸರಿ ಮಾಡಿಸಬೇಕು.

‘ನೀವೇ ಹೋಗಬಾರದಾ ಅಣ್ಣ?’

‘ಹೋದೆ ತಾಯಿ. ಬಾಗಿಲ ತನಕ ಹೋದೆ. ಒಳಗೆ ಕೋಟು ಹಾಕ್ಕೊಂಡು ನಿಂತಿದ್ದ. ವಾಪಸ್ ಬಂದೆ.’

ಹತ್ತನೇ ಮಹಡಿಯ ಕತ್ತಲೆ ಬಾವಿಯಲ್ಲಿ ತಂತಿ ಹಿಡಿದು ನೇತಾಡುವ ಮನುಷ್ಯ.

ಜನವರಿ ೧೭, ಮಂಗಳವಾರ

ಹಾಳಾದ ಬುದ್ಧಿ ನನ್ನದು. ಕನ್ನಡಕದ ಅಂಗಡಿಗೆ ಗಿಣಿಯನ್ನೇ ಕರೆದುಕೊಂಡು ಹೋದೆ. ಅವಳು ಕಾಲ್ಬೆರಳ ಮೇಲೆ ನಿಂತು ಕೌಂಟರಿನ ಮೇಲಿಂದ ಮಾತಾಡಿದಳು, ಆ ಕೋಟಿನವನು ಏನೋ ತಿರುಚಿ ಕೊಟ್ಟ. ಸಂಜೆ ಕ್ಲಾಸಿನಲ್ಲಿ ನಾನು ಎದ್ದು ನಿಂತು ‘ನಾನು ಹೋದೆ. ನಾನು ಹೇಳಿದೆ. ಅವರು ಮಾಡಿದರು’ ಅಂದೆ. ಚಪ್ಪಾಳೆ.

ಟೀಚರ್ ಕೇಳಿದರು: ‘ಅವರು ಏನಂದ್ರು?’

ನನಗೇನು ಗೊತ್ತು? ನಾನು ಅಲ್ಲಿ ಗೋಡೆ ಮೇಲಿನ ಕನ್ನಡಿ ನೋಡುತ್ತಾ ನಿಂತಿದ್ದೆ. ಎಲ್ಲರೂ ಕಾಯುತ್ತಾ ಕುಳಿತರು. ಟೀಚರ್ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಲಿಫ್ಟಣ್ಣ ನನ್ನ ಕೆಲಸ ಮಾಡಿ ಬಂದಿದ್ದರು. ಹೊಲಿಗೆ ಮಿಷನ್ನಿಗೆ ಒಂದು ಸೂಜಿ. ಸುಲಭದ್ದು ಎಂದು ಕೊಟ್ಟಿದ್ದೆ. ಅವರು ಅಂಗಡಿಯಲ್ಲಿ ಸೂಜಿಗೆ ಇಲ್ಲಿನ ಮಾತು ಮರೆತು, ‘ಟಕಟಕಟಕ’ ಎಂದು ಮಿಷನ್ ಆಗಿ ಕುಣಿದು ತೋರಿಸಿದ್ದನ್ನು ಮತ್ತೆ ಕ್ಲಾಸಿನಲ್ಲಿ ಕುಣಿದರು. ಅಂಗಡಿಯವಳು ಅವರಿಗೆ ಹೊಟ್ಟೆನೋವೆಂದು ನೀರು ತಂದುಕೊಟ್ಟಳಂತೆ. ಎಲ್ಲರಿಗೂ ನಕ್ಕು ನಕ್ಕು ಸಾಕಾಯಿತು. ನಾಚಿಕೆ ಎನ್ನುವುದು ಆ ಮನುಷ್ಯನಿಗೆ ಇಲ್ಲವೇ ಇಲ್ಲ.

ದಾರಿಯಲ್ಲಿ ಯೋಚಿಸಿದೆ. ಈ ಟೀಚರ್ ಮುಂದೆಯೇ ಹೀಗೆ ಸಿಕ್ಕಿಬಿದ್ದೆ, ಇನ್ನು ಆ ಮೇಡಂ ಮುಂದೆ? ನಮ್ಮ ಬೀದಿಯಲ್ಲಿ ಮೇಡಂ ಬಂದಂಥದ್ದೇ ಒಂದು ಬಿಳಿ ಕಾರು ನಿಂತಿತ್ತು. ಓಡಿಬಂದೆ. ಮೂರನೇ ಮನೆಗೆ ಯಾರೋ ನೆಂಟರು.

ಜನವರಿ ೨೮, ಶನಿವಾರ

ಲಿಫ್ಟಣ್ಣನ ಕನ್ನಡಕ ಈಗ ಇನ್ನೊಂದು ಕಿವಿಗೆ ಒತ್ತುತ್ತಿದೆಯಂತೆ. ‘ದೇವರೇ ಕೊಟ್ಟ ಅವಕಾಶ, ನೀವೇ ಹೋಗಿ’ ಎಂದು ಹಲ್ಲು ಕಿರಿದರು. ಗಿಣಿ ಗೆಳತಿಯ ಮನೆಯಲ್ಲಿದ್ದಳು. ಹೋದೆ.

ಬಾಗಿಲು ತೆಗೆದ ಕೂಡಲೇ ಗಂಟೆ ಬಾರಿಸಿತು, ಜೀವ ಹಾರಿತು. ಕೋಟಿನವನು ಬಂದು ಏನು ಬೇಕು ಎಂದ. ಕಲಿತುಕೊಂಡು ಹೋಗಿದ್ದ ಸಾಲೆಲ್ಲ ಮಾಯ. ಕನ್ನಡಕ ಮೇಜಿನ ಮೇಲಿಟ್ಟು, ನನ್ನ ಕಿವಿ ಹಿಡಿದು ಎಳೆದು, ‘ಅಯ್ಯೋ’ ಅಂದೆ. ಅವನು ಕನ್ನಡಕವನ್ನು ನನ್ನ ಮುಖಕ್ಕೇ ಹಾಕಲು ಬಂದ. ನಾನಲ್ಲ, ನಾನಲ್ಲ! ‘ಗಂಡಸು. ದೊಡ್ಡ ಕಿವಿ. ಇಲ್ಲಿ ಗಾಯ. ಅವರು ಬರಲ್ಲ, ಅವರಿಗೆ ಭಯ’ ಅಂದೆ. ‘ಯಾಕೆ ಭಯ?’ ಎಂದ. ‘ನಿಮ್ಮ ಕೋಟು’ ಅಂದೆ.

ಅವನು ಬಿದ್ದು ಬಿದ್ದು ನಕ್ಕ. ಕೋಟು ತೆಗೆದು ಕುರ್ಚಿಗೆ ಹಾಕಿದ. ನಾಳೆ ಅವರನ್ನೇ ಕರೆತನ್ನಿ, ಕಿವಿ ನೋಡದೆ ಹೇಗೆ ಬಗ್ಗಿಸಲಿ, ಕೋಟು ಹಾಕಿರಲ್ಲ ಎಂದ. ಇದೆಲ್ಲ ನನಗೆ ಅರ್ಥವಾಯಿತು, ಅವನು ಕೈಬಾಯಿ ಎಲ್ಲ ಉಪಯೋಗಿಸಿದ್ದರಿಂದ ಇರಬಹುದು. ಹೊರಗೆ ಬಂದು ನೋಡಿದರೆ ರವಿಕೆಯ ಬೆನ್ನು ಒದ್ದೆ. ಒಂದು ಕನ್ನಡಕಕ್ಕೆ ಇಷ್ಟು ಬೆವರು, ಇನ್ನು ಒಂದು ಮಗುವಿಗೆ ಎಷ್ಟು?

ಫೆಬ್ರವರಿ ೮, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಂಜೆ ಫೋನ್ ಬಂತು. ಫೋನ್ ಬಂದರೆ ನಾನು ಒಲೆಯ ಕಡೆ ತಿರುಗಿ ನಿಲ್ಲುವುದು ರೂಢಿ. ಗಿಣಿ ಓಡಿಬಂದು ತೆಗೆದಳು. ಅವಳ ಕ್ಲಾಸ್ ಟೀಚರ್. ದನಿ ಎಷ್ಟು ಜೋರು ಎಂದರೆ ನನಗೂ ಕೇಳುತ್ತಿತ್ತು. ಗಿಣಿ ಸೊಂಟಕ್ಕೆ ಕೈ ಕೊಟ್ಟು ನಿಂತು, ‘ಹೂಂ, ಹೇಳ್ತೀನಿ. ಖಂಡಿತ ಹೇಳ್ತೀನಿ’ ಎನ್ನುತ್ತಿದ್ದಳು, ನನ್ನ ತಂಗಿ ಹಾಲಿನವನ ಹತ್ತಿರ ಮಾತಾಡಿದ ಹಾಗೆ.

‘ಏನಂತೆ?’

‘ನಾಳೆ ಬಣ್ಣದ ಪೆನ್ಸಿಲ್ ತರಬೇಕಂತೆ, ಅಷ್ಟೇ.’

ನನಗೆ ಪೆನ್ಸಿಲ್ ಎಂಬ ಮಾತು ಗೊತ್ತು. ಮೊದಲ ವಾರದಲ್ಲೇ ಕಲಿತದ್ದು. ಆ ಫೋನಿನಲ್ಲಿ ಪೆನ್ಸಿಲ್ ಬರಲೇ ಇಲ್ಲ. ಬಂದದ್ದು ‘ನಿದ್ದೆ’. ಮತ್ತೆ ‘ದೊಡ್ಡಮ್ಮ’. ಮತ್ತೆ ‘ಬರಲೇಬೇಕು’.

ಮಗು ನನಗೆ ಸುಳ್ಳು ಹೇಳಿತು. ಸರಾಗವಾಗಿ, ಕಣ್ಣಿಗೆ ಕಣ್ಣು ಕೊಟ್ಟು. ಹಾಗಾದರೆ ಇಷ್ಟು ದಿನ ಮನೆ ಓನರ್ ಏನು ಹೇಳಿದ್ದ? ಬ್ಯಾಂಕಿನವರು ಏನು ಹೇಳಿದ್ದರು? ಡಾಕ್ಟರು? ಈ ಊರಿನಲ್ಲಿ ನನಗೆ ಗೊತ್ತಿರುವುದೆಲ್ಲ ಈ ಎಂಟು ವರ್ಷದ ಹುಡುಗಿ ಆರಿಸಿ ಕೊಟ್ಟದ್ದು. ಅವಳ ಬೆರಳು ನೋಡಿದೆ. ಉಗುರನ್ನೆಲ್ಲ ಬುಡದ ತನಕ ಕಚ್ಚಿಕೊಂಡಿದ್ದಾಳೆ.

ಫೆಬ್ರವರಿ ೧೦, ಶುಕ್ರವಾರ

ಇಷ್ಟು ದಿನ ಲಿಫ್ಟಣ್ಣನಿಗೆ ಸೂಜಿ, ದಾರ, ಬಸ್ಸಿನ ಸಮಯ ಎಂದು ಚಿಲ್ಲರೆ ಕೆಲಸ ಕೊಡುತ್ತಿದ್ದೆ. ಇವತ್ತು ನಿಜವಾದದ್ದು ಕೊಟ್ಟೆ. ಗಿಣಿಯ ಸ್ಕೂಲಿಗೆ ಹೋಗಿ ಏನು ವಿಷಯ ಎಂದು ಕೇಳಿ ಬನ್ನಿ ಅಂದೆ. ಮಕ್ಕಳ ಕಚೇರಿ, ಮಾರ್ಚ್, ಬೇರೆ ಮನೆ, ಎಲ್ಲ ಹೇಳಿದೆ. ಅವರು ತಮಾಷೆ ಮಾಡಲಿಲ್ಲ. ಮೀಸೆ ಕಚ್ಚುತ್ತಾ ಕೇಳಿಸಿಕೊಂಡರು.

ಫೆಬ್ರವರಿ ೧೪, ಮಂಗಳವಾರ

ಲಿಫ್ಟಣ್ಣನನ್ನು ಗೇಟಿನಲ್ಲೇ ನಿಲ್ಲಿಸಿದರಂತೆ. ‘ಯಾರು ನೀವು, ಮಗೂಗೆ ಏನಾಗಬೇಕು ಅಂತ ನೂರೆಂಟು ಕೇಳಿದ್ರು ಅಕ್ಕ. ನಾನು ಲಿಫ್ಟ್ ಅಂದೆ. ಇಲ್ಲಿ ಲಿಫ್ಟ್ ಇಲ್ಲ ಅಂದ್ರು. ದೊಡ್ಡಮ್ಮನೇ ಬರಲಿ ಅಂತ ಕಳಿಸಿದ್ರು.’

ಕ್ಲಾಸು ನಕ್ಕಿತು. ನನಗೆ ಅಳು ಬಂತು. ಬರಬಾರದಿತ್ತು, ಎಲ್ಲರ ಮುಂದೆಯೇ ಬಂತು. ಟೀಚರ್ ನನ್ನ ಪಕ್ಕ ಬಂದು ಕೂತು, ನಿಧಾನವಾಗಿ ಒಂದೊಂದೇ ಮಾತು ಆಡಿದರು. ‘ನಿಯಮ ಗೊತ್ತಲ್ಲ, ಸ್ವಂತ ಕೆಲಸಕ್ಕೆ ಹೋಗಬಾರದು. ಇದು ಸ್ವಂತದ್ದಾ? ಇದು ಆ ಮಗೂದು. ಈ ವಾರ ನಿಮ್ಮ ಜೋಡಿ ಗಿಣಿ. ಅವಳ ಕೆಲಸ ಏನು ಅಂತ ಅವಳನ್ನೇ ಕೇಳಿ.’

ಮನೆಗೆ ಬಂದು ಗಿಣಿಯನ್ನು ಕೇಳಿದೆ. ನಮ್ಮ ಮನೆಪಾಠ ಹೀಗಿದೆ, ನಿನಗೆ ನನ್ನ ಕೈಲಿ ಆಗಬೇಕಾದ ಕೆಲಸ ಏನಾದರೂ ಇದೆಯಾ? ಅವಳಿಗೆ ನಗು. ‘ನಿನಗೆ ಮಾತಾಡೋಕೆ ಬರಲ್ವಲ್ಲ ದೊಡ್ಡಮ್ಮ!’ ತುಂಬಾ ಹೊತ್ತು ಯೋಚಿಸಿದಳು. ಆಮೇಲೆ, ಸಣ್ಣ ದನಿಯಲ್ಲಿ:

‘ಸ್ಕೂಲ್ ನಾಟಕದಲ್ಲಿ ನನ್ನನ್ನ ಮರ ಮಾಡಿದಾರೆ. ಪ್ರಾಕ್ಟೀಸಿಗೆ ನಾನು ಸರಿಯಾಗಿ ಹೋಗಲ್ವಲ್ಲ, ಅದಕ್ಕೆ. ಮರ ಸುಮ್ನೆ ನಿಂತಿರುತ್ತೆ. ನಂಗೆ ಕಿರೀಟ ಕದಿಯೋ ಕಳ್ಳಿ ಆಗಬೇಕು.’

ಪ್ರಾಕ್ಟೀಸಿನ ಹೊತ್ತಿಗೆ ಅವಳು ನನ್ನ ಜೊತೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಇರುತ್ತಿದ್ದಳು. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಫೆಬ್ರವರಿ ೨೦, ಸೋಮವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಎದೆಯ ಮೇಲೆ ಕಲ್ಲು.

ಅಂಗಡಿಗೆ ರಜೆ ಹೇಳಿ ಸ್ಕೂಲಿಗೆ ಹೋದೆ. ದಾರಿಯಲ್ಲಿ ಎರಡು ಸಲ ವಾಪಸ್ ತಿರುಗಿದೆ. ಗಿಣಿಯ ಕ್ಲಾಸ್ ಟೀಚರ್ ದಪ್ಪಗೆ, ಕೈತುಂಬ ಸೀಮೆಸುಣ್ಣ. ನಾನು ಕುಳಿತುಕೊಳ್ಳುವ ಮೊದಲೇ ಹೇಳಿಬಿಟ್ಟೆ: ‘ಗಿಣಿ ಮರ ಅಲ್ಲ. ಗಿಣಿ ಕಳ್ಳಿ.’

ಅವರ ಮುಖ ಬಿಳಿಚಿಕೊಂಡಿತು. ‘ಏನು ಕದ್ದಳು?’ ಎಂದರು. ಅಯ್ಯೋ ದೇವರೇ. ‘ನಾಟಕ! ನಾಟಕ!’ ಎಂದು ಕೈ ಬೀಸಿದೆ. ಅರ್ಥವಾದ ಮೇಲೆ ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು, ನಾನೂ ನಕ್ಕೆ. ಇನ್ನು ಮೇಲೆ ಪ್ರಾಕ್ಟೀಸು ತಪ್ಪುವುದಿಲ್ಲ, ನನ್ನ ಕೆಲಸಕ್ಕೆ ನಾನೇ ಹೋಗುತ್ತೇನೆ, ನೀವು ಅವಳನ್ನು ಕಳ್ಳಿ ಮಾಡಿ, ಅವಳು ಚೆನ್ನಾಗಿ ಮಾಡುತ್ತಾಳೆ ಎಂದೆ. ಅವರು ನೋಡೋಣ ಎಂದರು. ನಾನು ‘ನೋಡೋಣ ಬೇಡ, ಹೂಂ ಅನ್ನಿ’ ಎಂದೆ. ಹೂಂ ಎಂದರು.

ಅಲ್ಲಿಗೆ ಎದ್ದು ಬಂದಿದ್ದರೆ ಆಗಿತ್ತು. ‘ನಿದ್ದೆ?’ ಎಂದು ಕೇಳಿದೆ.

ಅವರ ನಗು ನಿಂತಿತು. ಗಿಣಿ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾಳೆ. ಯಾಕೆ ಎಂದು ಗೆಳತಿಗೆ ಹೇಳಿದ್ದಾಳೆ. ರಾತ್ರಿ ಅವಳು ಎದ್ದಿರುತ್ತಾಳಂತೆ. ದೊಡ್ಡಮ್ಮ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನೋಡಲು.

ಆ ಮಾತುಗಳೆಲ್ಲ ಸಣ್ಣ ಸಣ್ಣವು. ರಾತ್ರಿ, ಉಸಿರು, ನೋಡು. ಎಲ್ಲ ನಮ್ಮ ಟೀಚರ್ ಕಲಿಸಿದವೇ. ಅರ್ಥವಾಗದೇ ಹೋಗಿದ್ದರೆ ಎನ್ನಿಸಿತು.

ನನ್ನ ರಕ್ತ ಪರೀಕ್ಷೆಯ ದಿನ ಡಾಕ್ಟರು ಗಿಣಿಗೆ ಏನೋ ಉದ್ದಕ್ಕೆ ಹೇಳಿದ್ದರು. ‘ಏನಿಲ್ಲ, ಮಾತ್ರೆ ತಗೋಬೇಕಂತೆ’ ಎಂದಷ್ಟೇ ನನಗೆ ಹೇಳಿದ್ದಳು. ಉಳಿದದ್ದನ್ನು ತನ್ನ ಹತ್ತಿರವೇ ಇಟ್ಟುಕೊಂಡು, ರಾತ್ರಿಯೆಲ್ಲ ನನ್ನ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದಾಳೆ. ಅಮ್ಮನನ್ನು ಕಳೆದುಕೊಂಡ ಮಗು. ಆ ಮೇಡಂ ಅವಳನ್ನು ಕರೆದುಕೊಂಡು ಹೋದರೆ ತಪ್ಪೇನು ಎಂದು ಮೊದಲ ಸಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಈಗ ಇನ್ನೂ ಹೆದರಿಕೆ.

ಫೆಬ್ರವರಿ ೨೩, ಗುರುವಾರ

ಆಸ್ಪತ್ರೆಗೆ ಒಬ್ಬಳೇ ಹೋದೆ. ಸಾಯುವ ಕಾಯಿಲೆಯೇ ಇರಬಹುದು ಎಂದುಕೊಂಡೇ ಹೋದೆ. ಆದರೆ ಡಾಕ್ಟರ ಮುಂದೆ ಕುಳಿತಾಗ ಒಂದೇ ಯೋಚನೆ, ಗಿಣಿಗೆ ಏನು ಹೇಳಲಿ, ಒಂದಕ್ಷರ ಹೆಚ್ಚುಕಡಿಮೆ ಆಗಬಾರದು. ಅವರು ಬೇಗ ಬೇಗ ಹೇಳಿದರು. ‘ನಿಧಾನ’ ಅಂದೆ. ಮತ್ತೆ ಬೇಗ ಹೇಳಿದರು. ‘ಡಾಕ್ಟ್ರೇ, ಮನೇಲಿ ಒಂದು ಮಗು ನಿದ್ದೆ ಮಾಡ್ತಿಲ್ಲ. ನಿಧಾನ’ ಅಂದೆ. ಅವರು ಪೆನ್ನು ಕೆಳಗಿಟ್ಟರು.

ರಕ್ತ ಕಡಿಮೆ. ಹೆಂಗಸರಲ್ಲಿ ಸಾಮಾನ್ಯ. ಮಾತ್ರೆ, ಸೊಪ್ಪು, ಮೂರು ತಿಂಗಳಾದ ಮೇಲೆ ಇನ್ನೊಂದು ಪರೀಕ್ಷೆ. ಸಾಯುವುದಿಲ್ಲವೇ ಎಂದು ನೇರವಾಗಿಯೇ ಕೇಳಿದೆ. ‘ಇದರಿಂದ ಅಲ್ಲ’ ಎಂದರು.

ಗಿಣಿಗೆ ಎಲ್ಲ ಹೇಳಿದೆ. ಅವಳು ನಂಬಲಿಲ್ಲ. ‘ನಿಂಗೆ ಸರಿಯಾಗಿ ಅರ್ಥ ಆಯ್ತಾ? ಅವರು ಹಾಗೇ ಅಂದ್ರಾ? ಅವರ ಮಾತಲ್ಲೇ ಹೇಳು ನೋಡೋಣ.’ ಹೇಳಿದೆ. ಅವರು ಹೇಳಿದ ಹಾಗೆಯೇ, ಇಲ್ಲಿನ ಭಾಷೆಯಲ್ಲಿ. ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದವಳು ಹಾಗೇ ಒರಗಿ ನಿದ್ದೆಹೋದಳು, ಇನ್ನೂ ಬೆಳಕಿರುವಾಗಲೇ. ಎಬ್ಬಿಸಲಿಲ್ಲ.

ಮಾರ್ಚ್ ೭, ಮಂಗಳವಾರ

ಗಿಣಿಗೆ ಈಚೆಗೆ ಏನಾಗಿದೆಯೋ. ಹೇಳಿದ ಮಾತು ಕೇಳುವುದಿಲ್ಲ. ಮೊದಲು ಎಷ್ಟು ಒಳ್ಳೆಯ ಮಗು, ತಟ್ಟೆ ತೊಳೆದಿಡುತ್ತಿದ್ದಳು, ನನ್ನ ಚಪ್ಪಲಿ ಜೋಡಿಸಿಡುತ್ತಿದ್ದಳು. ಈಗ ತಟ್ಟೆಯಲ್ಲೇ ಕೈ ಒಣಗಿಸಿಕೊಂಡು ನಾಟಕದ ಮಾತು ಹೇಳುತ್ತಾ ಕೂರುತ್ತಾಳೆ. ಹೋಮ್‌ವರ್ಕ್ ಮಾಡು ಅಂದರೆ ‘ಆಮೇಲೆ’. ನನ್ನ ಕತ್ತರಿಯನ್ನು ಕದ್ದು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು, ಪ್ರಾಕ್ಟೀಸಂತೆ. ಅಂಗಡಿಗೆ ಹೋಗಿ ಕೆಲಸಕ್ಕೆ ಕೂತು ಹುಡುಕಿ ಹುಡುಕಿ ಸಾಕಾಯಿತು. ಮೇಡಂ ಬರುವ ಹೊತ್ತಿಗೇ ಹೀಗೆ ಕೆಡಬೇಕೇ?

ಮನೆ ಓನರ್ ಬಂದಿದ್ದ. ಬಚ್ಚಲ ನಲ್ಲಿ ಸೋರುವುದನ್ನು ತೋರಿಸಿ ಜಗಳ ಮಾಡಿ ಕಳಿಸಿದೆ. ಬೇರೆ ವಿಶೇಷವಿಲ್ಲ.

ಮಾರ್ಚ್ ೧೮, ಶನಿವಾರ

ನಿನ್ನೆ ನಾಟಕ. ಗಿಣಿ ರಾಜನ ಕಿರೀಟ ಕದ್ದಳು, ಜೊತೆಗೆ, ನಾಟಕದಲ್ಲಿ ಹಾಗೆ ಇಲ್ಲದಿದ್ದರೂ, ಮಂತ್ರಿಯ ಪೇಟವನ್ನೂ. ಜನ ಕೂಗಾಡಿ ನಕ್ಕರು. ಲಿಫ್ಟಣ್ಣ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ನಗುತ್ತಲೇ ಹಿಂದೆ ಮುಂದೆ ನೋಡುತ್ತಿದ್ದೆ, ಕಚೇರಿಯವರು ಯಾರಾದರೂ ಬಂದಿದ್ದಾರೇನೋ ಎಂದು.

ಮೇಡಂ ಶುಕ್ರವಾರ ಬರುತ್ತಾರೆ. ಅನ್ನ ಸೇರುತ್ತಿಲ್ಲ.

ಮಾರ್ಚ್ ೨೪, ಶುಕ್ರವಾರ

ಎಲ್ಲ ಮುಗಿಯಿತು. ನಾನೇ ಕೈಯಾರೆ ಕೆಡಿಸಿದೆ.

ಮನೆ ಒರೆಸಿ ಕನ್ನಡಿ ಮಾಡಿದ್ದೆ. ಗಿಣಿಗೆ ಒಳ್ಳೆಯ ಬಟ್ಟೆ ಹಾಕಿ, ಮೇಡಂ ಇರುವಷ್ಟು ಹೊತ್ತು ಒಳಗಿನ ಕೋಣೆಯಲ್ಲಿ ಚಿತ್ರ ಬರೆಯುತ್ತಾ ಕೂತಿರು ಎಂದು ಕೈ ಮುಗಿದು ಕೇಳಿಕೊಂಡಿದ್ದೆ. ಮೇಡಂ ಬಂದು ಕುಳಿತರು. ನೀವು ಹೇಗಿದ್ದೀರಿ ಎಂದರು. ಅಷ್ಟೇ ಕೇಳಿದ್ದು. ಕಲಿತ ಉತ್ತರವೇ ಮರೆತುಹೋಯಿತು. ಚೆನ್ನಾಗಿದ್ದೇನೆ ಎನ್ನಲು ಬಾರದ ಹೆಂಗಸು ಮಗು ಸಾಕುತ್ತಾಳಂತೆ. ಮೇಡಂ ಕಾದರು.

ಅಷ್ಟರಲ್ಲಿ ಗಿಣಿ ಬಾಗಿಲಿನಲ್ಲಿ. ಸೊಂಟಕ್ಕೆ ಕೈ ಕೊಟ್ಟು, ಅದೇ ದೊಡ್ಡವರ ದನಿಯಲ್ಲಿ, ‘ದೊಡ್ಡಮ್ಮ ಚೆನ್ನಾಗಿದಾರೆ ಮೇಡಂ. ಅವರಿಗೆ ಈಗ ಎಲ್ಲಾ ಬರುತ್ತೆ. ನೀವು ಏನು ಬೇಕಾದ್ರೂ ನನ್ನ ಕೇಳಿ, ನಾನು ಹೇಳ್ತೀನಿ’ ಎಂದಳು.

ಸೊಂಟದ ಮೇಲಿನ ಬೆರಳುಗಳು ಅಂಗಿಯನ್ನು ಹಿಂಡುತ್ತಿದ್ದವು. ಅದು ಕಂಡದ್ದೇ ನನಗೆ ಏನಾಯಿತೋ ಗೊತ್ತಿಲ್ಲ. ಇಲ್ಲಿನ ಭಾಷೆಯಲ್ಲೇ ಗದರಿಬಿಟ್ಟೆ.

‘ಗಿಣಿ! ದೊಡ್ಡವರು ಮಾತಾಡುವಾಗ ಮಧ್ಯ ಬಾಯಿ ಹಾಕಬೇಡ ಅಂತ ಎಷ್ಟು ಸಲ ಹೇಳಬೇಕು? ಹೋಗು, ಆಡ್ಕೋ ಹೋಗು!’

ಅಷ್ಟು ಸಲ ಹೇಳಿಲ್ಲ. ಒಂದು ಸಲವೂ ಹೇಳಿರಲಿಲ್ಲ. ಗಿಣಿ ಬಾಯಿ ತೆರೆದುಕೊಂಡು ನನ್ನನ್ನು ನೋಡಿದಳು. ಮುಖ ಕೆಂಪಗಾಯಿತು. ‘ನಾನು ಸಹಾಯ ಮಾಡೋಕೆ ಬಂದ್ರೆ ನಂಗೇ ಬಯ್ತೀಯಾ! ಹೋಗು, ನೀನು ಬೇಡ ನಂಗೆ!’ ಎಂದು ಕಿರುಚಿ, ಒಳಗೆ ಹೋಗಿ ಬಾಗಿಲನ್ನು ಧಡಾರನೆ ಬಡಿದಳು. ಗೋಡೆಯ ಮೇಲಿದ್ದ ತಂಗಿಯ ಫೋಟೋ ಅಲುಗಾಡಿತು.

ಮೇಡಂ ಏನೋ ಬರೆದುಕೊಂಡರು.

ಇನ್ನು ಹೋದದ್ದು ಹೋಯಿತು ಎಂದು ನಾನು ಅವಳ ಪರವಾಗಿ ಮಾತಾಡಿದೆ. ಮೇಡಂ, ಅವಳು ಕೆಟ್ಟ ಹುಡುಗಿಯಲ್ಲ, ತಪ್ಪು ತಿಳಿಯಬೇಡಿ, ಮೊದಲು ಹೀಗಿರಲಿಲ್ಲ. ನಾಟಕದಲ್ಲಿ ಕಳ್ಳಿಯಾದ ಮೇಲೆ ಸ್ವಲ್ಪ ತಲೆ ತಿರುಗಿದೆ. ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ, ಈಗ ಬೆಳಿಗ್ಗೆ ಎಬ್ಬಿಸಿದರೂ ಏಳುವುದಿಲ್ಲ. ನನ್ನ ರಕ್ತದ ವಿಷಯಕ್ಕೆ ಹೆದರಿದ್ದಳು, ನಾನೇ ಡಾಕ್ಟರ ಹತ್ತಿರ ಹೋಗಿ ಕೇಳಿ ಬಂದು ಹೇಳಿದೆ. ಗಣಿತ ಚೆನ್ನಾಗಿ ಮಾಡುತ್ತಾಳೆ, ಹಟ ಜಾಸ್ತಿ, ಉಗುರು ಕಚ್ಚುವುದನ್ನು ಬಿಟ್ಟಿದ್ದಾಳೆ, ನೋಡಬೇಕಾದರೆ ಬೆರಳು ನೋಡಿ. ಅವಳನ್ನು ಕರೆದುಕೊಂಡು ಹೋಗುವುದಾದರೆ ಬಾಗಿಲು ಬಡಿದದ್ದಕ್ಕೆ ಎಂದು ಅವಳಿಗೆ ಹೇಳಬೇಡಿ, ತನ್ನಿಂದಲೇ ಆಯಿತು ಎಂದುಕೊಳ್ಳುತ್ತಾಳೆ. ನನಗೆ ಭಾಷೆ ಬರಲಿಲ್ಲ ಎಂದು ಹೇಳಿ, ಅದು ನಿಜವೂ ಹೌದು.

ಎಷ್ಟು ಹೊತ್ತು ಹೇಳಿದೆನೋ. ಹೊರಗೆ ಬೀದಿ ದೀಪ ಹತ್ತಿತ್ತು. ಮೇಡಂ ಎದ್ದು, ಒಳ ಕೋಣೆಯ ಬಾಗಿಲು ತಟ್ಟಿ, ಗಿಣಿಯ ಜೊತೆ ಎರಡು ಮಾತಾಡಿ, ನನ್ನ ಕೈ ಕುಲುಕಿ ಹೋದರು. ನಾಲ್ಕು ದಿನದಲ್ಲಿ ತಿಳಿಸುತ್ತಾರಂತೆ.

ಗಿಣಿ ಇನ್ನೂ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಬಂದು ಬೆನ್ನು ತಿರುಗಿಸಿ ಕುಳಿತು ಉಂಡಳು.

ಮಾರ್ಚ್ ೨೬, ಭಾನುವಾರ

ಅವಳ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡಿದೆ. ಹರಿದದ್ದನ್ನೆಲ್ಲ ಹೊಲಿದೆ. ಯಾರ ಮನೆಗೆ ಹೋದರೂ ಗುಂಡಿ ಕಿತ್ತ ಅಂಗಿಯಲ್ಲಿ ಹೋಗಬಾರದು.

ಮಾರ್ಚ್ ೨೭, ಸೋಮವಾರ

ಏನೂ ಇಲ್ಲ. ಬೀದಿಯಲ್ಲಿ ಕಾರಿನ ಸದ್ದಾದರೆ ಸೂಜಿ ಬೆರಳಿಗೆ ಹೋಗುತ್ತಿದೆ.

ಮಾರ್ಚ್ ೨೮, ಮಂಗಳವಾರ

ಸಂಜೆ ಫೋನ್ ಬಂತು. ತೆಗೆದೆ. ಮೇಡಂ. ನೆಲದ ಮೇಲೆಯೇ ಕುಳಿತೆ.

‘ಗಿಣಿ ನಿಮ್ಮ ಹತ್ರಾನೇ ಇರ್ತಾಳೆ’ ಎಂದರು.

ಕೇಳಿದ್ದು ಸರಿಯೋ ತಪ್ಪೋ ಎಂದು ಇನ್ನೊಂದು ಸಲ ಹೇಳಿಸಿದೆ. ಹೇಳಿದರು. ಮತ್ತೊಂದು ಸಲ ಹೇಳಿಸಿದೆ. ಬೇಸರವಿಲ್ಲದೆ ಹೇಳಿದರು. ಆಮೇಲೂ ನನಗೆ ತಡೆಯಲಾಗಲಿಲ್ಲ. ‘ಅವಳು ಬಾಗಿಲು ಬಡಿದಳಲ್ಲ ಮೇಡಂ? ನೀವು ಬರೆದುಕೊಂಡ್ರಿ.’

‘ಹೌದು, ಬರೆದಿದ್ದೀನಿ. ಬಡಿದಿದ್ದು ತುಂಬಾ ಒಳ್ಳೇದಾಯ್ತು ಅಂತ ಬರೆದಿದ್ದೀನಿ. ಎಂಟು ವರ್ಷದ ಮಗು ಹಾಗೇ ಇರಬೇಕು.’

ಬಾಗಿಲು ಬಡಿಯುವುದು ಒಳ್ಳೆಯದು ಹೇಗೋ. ಈ ಊರಿನವರ ಲೆಕ್ಕಾಚಾರವೇ ನನಗೆ ತಿಳಿಯುವುದಿಲ್ಲ. ಫೋನ್ ಇಟ್ಟು ಅಲ್ಲೇ ಕುಳಿತು ಅತ್ತೆ. ಗಿಣಿ ಓಡಿಬಂದು ‘ಯಾರು? ಯಾರು ದೊಡ್ಡಮ್ಮ?’ ಎಂದಳು. ಹೇಳಿದೆ. ಅವಳು ನನ್ನ ಕುತ್ತಿಗೆಗೆ ಜೋತುಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಇಬ್ಬರ ಮೂಗೂ ಸೋರಿ, ನನ್ನ ಸೆರಗು ಹಾಳು.

ಆಮೇಲೆ ಮೂಗು ಒರೆಸಿಕೊಂಡು, ‘ಹಾಗಾದ್ರೆ ನಾಳೆ ಸ್ಕೂಲಿಗೆ ರಜಾ ಹಾಕಲಾ?’ ಎಂದಳು. ಇಲ್ಲ ಅಂದೆ. ‘ಹೋಮ್‌ವರ್ಕ್ ಆದ್ರೂ ಬಿಡಲಾ?’ ಅದೂ ಇಲ್ಲ ಅಂದೆ. ನೀನು ಮಹಾ ಕೆಟ್ಟವಳು ಎಂದು ಕಾಲು ಅಪ್ಪಳಿಸಿಕೊಂಡು ಒಳಗೆ ಹೋದಳು.

ಅರ್ಧ ಗಂಟೆಯಾಯಿತು, ಒಳಗಿನಿಂದ ಪೆನ್ಸಿಲ್ಲಿನ ಸದ್ದಿಲ್ಲ, ಹಾಸಿಗೆಯ ಮೇಲೆ ಕುಣಿಯುವ ಸದ್ದು. ಬರೆಯುವುದನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಹೋಗಿ ಬಯ್ಯಬೇಕು.